ಆಯೇರಿಯ ಟವೆಲ್

ನಾನು ಮನೆಯಿಂದ ಹೊರಬಿದ್ದೆನೆಂದರೆ ಹೆಗಲ ಚೀಲದಲ್ಲಿ ಒಂದು ಹೊಸ ಟವೆಲ್ ಇರಲೇಬೇಕು. ಬಿಳಿಯದು, ಎರಡೂ ಅಂಚಿಗೆ ಕೆಂಪು ಪಟ್ಟಿ ಇರುವಂಥದ್ದು, ಮಡಿಕೆ ಬಿಚ್ಚದ್ದು. ಮುಖ ಒರೆಸಿಕೊಳ್ಳಲು ಎಂದುಕೊಂಡಿರೋ, ತಪ್ಪು. ಅದಕ್ಕೆ ಹಳೆಯದೊಂದು ಬೇರೆ ಇದೆ. ಇದು ಯಾರಿಗಾದರೂ ಹೊದಿಸಲು. ಯಾರಿಗೆ ಎಂಬುದು ಹೊರಡುವಾಗ ನನಗೂ ಗೊತ್ತಿರುವುದಿಲ್ಲ. ನನ್ನ ಕಣ್ಣಿನ ಪೊರೆ ತೆಗೆದ ಡಾಕ್ಟರಿಗೆ ಒಂದು ಹೋಯಿತು. ಪಟ್ಟಿ ಬಿಚ್ಚಿದ ಕೂಡಲೇ ನನಗೆ ಮೊದಲು ಕಂಡದ್ದು ಅವರ ಖಾಲಿ ಹೆಗಲು. ನಾನಾದರೂ ಏನು ಮಾಡಲಿ?

ನನ್ನ ಹೆಂಡತಿ ಮಹಾದೇವಿ ಇದನ್ನು ರೋಗ ಎನ್ನುತ್ತಾಳೆ.

“ನಾಸಿಕದಾಗ ನಿಮ್ಮ ಟವೆಲ್ ಬೀಳ್ದ ಹೆಗಲ ಒಂದೂ ಉಳಿದಿಲ್ಲ ನೋಡ್ರಿ. ಇನ್ನ ಗೋದಾವರಿಗೇ ಒಂದು ಹೊದಿಸಿ ಬಿಡ್ರಿ, ಹರಿಯೂದು ನಿಂತು ನಿಮ್ಮ ಕಡಿ ತಿರುಗಿ ನೋಡ್ತಾಳ.”

ರೋಗವೇ ಇರಬಹುದು. ಆದರೆ ಹತ್ತಿದ್ದು ಎಲ್ಲಿ ಎಂದು ಹೇಳಬೇಕಾದರೆ ನಾನು ಭಾಲ್ಕಿ ಕಡೆಯ ನಮ್ಮೂರಿಗೆ ಹೋಗಬೇಕಾಗುತ್ತದೆ. ಹೋಗಿ ಬಂದುಬಿಡೋಣ, ದೂರವಿಲ್ಲ.

ಆಯೇರಿ ಎಂದರೆ ನಮ್ಮ ಬೀದರ್ ಕಡೆ ಮದುವೆಯಲ್ಲಿ, ತೊಟ್ಟಿಲಲ್ಲಿ ನೆಂಟರು ಕೊಡುವ ಉಡುಗೊರೆ. ನಾಟಕಕ್ಕೂ ಆಯೇರಿ ಇತ್ತು. ನಾಟಕ ಮುಗಿದ ಮೇಲೆ ಅಲ್ಲ, ನಡೆಯುತ್ತಿರುವಾಗಲೇ. ಪಾತ್ರ ಮಾಡಿದವನ ಮಾವನೋ ಅಣ್ಣನೋ ಮನಸ್ಸು ತುಂಬಿ ಬಂದ ಗಳಿಗೆಯಲ್ಲಿ ಸೀದಾ ಸ್ಟೇಜು ಹತ್ತುವನು, ಟವೆಲ್ ಹೊದಿಸುವನು, ಟೋಪಿ ಇಡುವನು. ಆಗ ಪೇಟಿ ಮಾಸ್ತರು ಹಾರ್ಮೋನಿಯಂ ಬಾರಿಸುವುದನ್ನು ನಿಲ್ಲಿಸಿ, ಯಾರ ಕಡೆಯಿಂದ ಯಾರಿಗೆ ಏನು ಬಂತು ಎಂದು ಊರಿಗೆಲ್ಲ ಕೇಳುವಂತೆ ಕೂಗುವರು. ಸೀತೆ ಅಳುತ್ತಿದ್ದರೆ ಕಣ್ಣೊರೆಸಿಕೊಂಡು ಕಾಯಬೇಕು. ರಾಕ್ಷಸನೂ ಕಾಯಬೇಕು. ಯಾರಿಗೂ ಇದು ಅಡ್ಡಿ ಅನ್ನಿಸುತ್ತಿರಲಿಲ್ಲ. ಅಡ್ಡಿ ಅಂದರೆ ಪೆಟ್ರೋಮ್ಯಾಕ್ಸ್ ಆರುವುದು.

ನಾನು ನಾಲ್ಕನೇ ಇಯತ್ತೆಯಲ್ಲಿದ್ದೆ. ಅದೇ ನನ್ನ ಕಡೆಯ ಇಯತ್ತೆ ಕೂಡ. ನನಗೆ ದ್ವಾರಪಾಲಕನ ಪಾತ್ರ ಸಿಕ್ಕಿತ್ತು. ರಾಜನ ಹಿಂದೆ ಭರ್ಚಿ ಹಿಡಿದು ನಿಲ್ಲಬೇಕು. ಮಾತಿಲ್ಲ, ಹಾಡಿಲ್ಲ, ತುರಿಸಿಕೊಳ್ಳುವಂತೆಯೂ ಇಲ್ಲ. ರಾಜನಿಗೆ ಆಯೇರಿ ಬಂತು. ರಾಣಿಗೆ, ಅಂದರೆ ಮೀಸೆ ಬೋಳಿಸಿದ ನಮ್ಮ ಶಾಲೆಯ ಜವಾನನಿಗೆ, ಬಂದೇ ಬಂತು. ವಿಷ ಹಾಕಿದವನಿಗೂ ಬಂತು. ದ್ವಾರಪಾಲಕನಿಗೆ ಯಾರು ಕೊಡುತ್ತಾರೆ? ಬಾಗಿಲಿಗೆ ಟವೆಲ್ ಹೊದಿಸಿದ ಹಾಗೆ ಅದು.

ಬೆಳ್ಳಗೆ ಬೆಳಕಾಗುತ್ತಿತ್ತು. ರಾಜ ಕತ್ತಿ ಎತ್ತಿ ಮಂತ್ರಿಯ ತಲೆ ಹಾರಿಸುವವನಿದ್ದ. ಅಷ್ಟರಲ್ಲಿ ನಮ್ಮ ಮುತ್ಯಾ, ಅಂದರೆ ಅಜ್ಜ, ಕೋಲೂರಿಕೊಂಡು ಮೇಲೆ ಬಂದ. ರಾಜನಿಗೂ ಮಂತ್ರಿಗೂ ನಡುವೆ ಹಾದು, “ಸ್ವಲ್ಪ ಸರೀರಿ” ಎಂದು ಕತ್ತಿಯನ್ನು ಕೋಲಿನಿಂದ ಆಚೆ ತಳ್ಳಿ, ನನಗೆ ಒಂದು ಟವೆಲ್ ಹೊದಿಸಿದ. ಪೇಟಿ ನಿಂತಿತು. ಮಾಸ್ತರು ಕೂಗಿದರು:

“ನಮ್ಮೂರ ಹಿರಿಯರಾದ ಮಡಿವಾಳಪ್ಪ ಮುತ್ಯಾ ಅವರ ಕಡಿಂದ, ಮೊಮ್ಮಗ ಶರಣಪ್ಪನ ದ್ವಾರಪಾಲಕ ಪಾತ್ರ ಮೆಚ್ಚಿ, ಒಂದು ಟವೆಲ್ ಆಯೇರಿ ಬಂದದ! ಅವರಿಗೆ ಕಂಪನಿಯ ಶರಣು!”

ಏನು ಮೆಚ್ಚಿದನೋ! ನಿಂತಿದ್ದನ್ನೇ ಇರಬೇಕು. ಆದರೆ ನನ್ನ ಹೆಸರು ಹಾಗೆ ಗಾಳಿಯಲ್ಲಿ ಹಾರಿದ್ದು ಅದೇ ಮೊದಲು. ಮುತ್ಯಾ ಇಳಿದುಹೋದ ಮೇಲೆ ರಾಜ ತನ್ನ ಮಾತನ್ನು ಮೊದಲಿನಿಂದ ಶುರು ಮಾಡಿದ. ಪಾಪದ ಮಂತ್ರಿಗೆ ಒಂದು ಪದ್ಯದಷ್ಟು ಆಯುಷ್ಯ ಹೆಚ್ಚಾಯಿತು.

ಮುಂದೆ ನಾನು ನಾಸಿಕಕ್ಕೆ ಬಂದೆ, ಮಾಲೇಗಾಂವದಿಂದ ಬಟ್ಟೆ ತಂದು ಮಾರುವ ಅಂಗಡಿ ಇಟ್ಟೆ. ಈಗ ಅದನ್ನು ಮಗ ನೋಡಿಕೊಳ್ಳುತ್ತಾನೆ. ಗಾಜು ಹಾಕಿಸಿ ಶೋರೂಮ್ ಮಾಡಿದ್ದಾನೆ. ನಾನು ಹೋದರೆ ಒಂದು ಮೂಲೆಯಲ್ಲಿ ಕೂರಿಸಿ ಚಹಾ ತರಿಸುತ್ತಾನೆ. ಗಿರಾಕಿಗೆ ಮಾಡುವಷ್ಟೇ ಮರ್ಯಾದೆ. ಅವನ ಮಗಳು ಶ್ರಾವಣಿ. ಈ ಬರಹವೆಲ್ಲ ಅವಳ ಬಗ್ಗೆಯೇ, ಇಷ್ಟು ತಡವಾಗಿ ಅವಳನ್ನು ತಂದದ್ದಕ್ಕೆ ನನಗೇ ನಾಚಿಕೆಯಾಗುತ್ತಿದೆ.

ಶ್ರಾವಣಿಗೆ ನಮ್ಮ ಕನ್ನಡ ಎಲ್ಲ ಅರ್ಥವಾಗುತ್ತದೆ, ಬಾಯಿಗೆ ಮಾತ್ರ ಬರುವುದಿಲ್ಲ. ಒಂದು ವಾಕ್ಯದಲ್ಲಿ ಹೊರಟರೆ ನಡುವೆ ಮರಾಠಿಯ ಬಸ್ಸು ಹತ್ತಿ, ಇಂಗ್ಲಿಷಿನ ರಿಕ್ಷಾದಲ್ಲಿ ಬಂದು ಇಳಿಯುತ್ತಾಳೆ. ಚಿಕ್ಕವಳಿದ್ದಾಗ ಅವಳು ಮಂಚದ ಮೇಲೆ ನಿಂತು ಕುಣಿಯುತ್ತಿದ್ದಳು. ನಾನು ಮೆಚ್ಚಿ ಟವೆಲ್ ಹೊದಿಸುತ್ತಿದ್ದೆ, ಪೇಟಿ ಮಾಸ್ತರರ ಹಾಗೆ ಕೂಗುತ್ತಿದ್ದೆ. ಅವಳಿಗೆ ಕುಣಿತಕ್ಕಿಂತ ಕೂಗೇ ಹೆಚ್ಚು ಸೇರಿತು. ಆಮೇಲೆ ತಾನೇ ಕುಣಿದು, ತಾನೇ ಹೊದ್ದು, ತಾನೇ ಕೂಗತೊಡಗಿದಳು. ಹಾಗಾಗಿ ಅವಳಿಗೆ ಎಲ್ಲೂ ಇಳಿಯದೆ ಪೂರ್ತಿ ಬರುವ ಕನ್ನಡದ ಮಾತು ಅದೊಂದೇ ಆಗಿ ಉಳಿಯಿತು. ಅದರಿಂದ ತರಕಾರಿ ಕೊಳ್ಳಲಾಗುವುದಿಲ್ಲ ಎಂದು ಅವಳ ಅಪ್ಪನ ತಕರಾರು.

ಈ ಹುಡುಗಿ ಕಾಲೇಜು ಸೇರಿ ನಾಟಕದ ತಂಡ ಸೇರಿದಳು. ಚಳಿಗಾಲದಲ್ಲಿ ಇಲ್ಲಿ ಸಂಗೀತ, ನೃತ್ಯ, ನಾಟಕಗಳ ಒಂದು ದೊಡ್ಡ ಉತ್ಸವ ನಡೆಯುತ್ತದೆ. ಮೊದಲು ನಾಸಿಕದಲ್ಲಿ, ಆಮೇಲೆ ಸಂಭಾಜಿನಗರದಲ್ಲಿ. ಈ ಸಲ ಅದರಲ್ಲಿ ಶ್ರಾವಣಿಯ ತಂಡದ ಮರಾಠಿ ನಾಟಕ. ಅದರಲ್ಲಿ ಶ್ರಾವಣಿಯೇ ನಾಯಕಿ!

ನಾನು ಯಾರಿಗೂ ಹೇಳಲಿಲ್ಲ. ನದಿಯ ಘಾಟಿನಲ್ಲಿ ಬೆಳಗ್ಗೆ ಸಿಗುವವರಿಗೆ, ಹಾಲಿನವನಿಗೆ, ತ್ರ್ಯಂಬಕೇಶ್ವರದ ಜೀಪಿನಲ್ಲಿ ಪಕ್ಕದಲ್ಲಿ ಕುಳಿತವರಿಗೆ, ನಿಫಾಡಿನಿಂದ ದ್ರಾಕ್ಷಿ ತರುವವನಿಗೆ, ರಾಂಗ್ ನಂಬರ್ ಹಚ್ಚಿದ ಒಬ್ಬ ಗೃಹಸ್ಥರಿಗೆ, ಇಷ್ಟು ಜನರಿಗೆ ಮಾತ್ರ ಹೇಳಿದೆ.

“ನಾಯಕಿ ಅಂದ್ರ ಮಾತು ಭಾಳ ಇರ್ತಾವಲ್ಲ?” ಎಂದು ಕೇಳಿದೆ.

“ಒಂದ,” ಎಂದಳು ಶ್ರಾವಣಿ. “ಲಾಸ್ಟ್‌ಲಾ. ಉಳದಿದ್ದು ಪೂರ್ತಿ ಸೈಲೆಂಟ್.”

ನನಗೆ ಎದೆ ತುಂಬಿ ಬಂತು. ಇದು ರಕ್ತದಲ್ಲೇ ಬಂದದ್ದು. ನಾನು ಭರ್ಚಿ ಹಿಡಿದು ಸುಮ್ಮನೆ ನಿಂತಿದ್ದೆ, ಅವಳು ಕುರ್ಚಿ ಹಿಡಿದು ಸುಮ್ಮನೆ ಕೂರುತ್ತಾಳೆ. ಅಷ್ಟರಲ್ಲಿ ಅವಳ ಕಣ್ಣು ನನ್ನ ಚೀಲಕ್ಕೆ ಹೋಯಿತು.

“ಮುತ್ಯಾ! ನೀ ಸ್ಟೇಜ್ ಮ್ಯಾಲೆ ಬರಬ್ಯಾಡ. ಅಜಿಬಾತ್ ಬರಬ್ಯಾಡ. ಟವೆಲ್ ಗಿವೆಲ್ ಕಾಹೀ ನಾಹೀ.”

“ಒಂದ ಗಳಿಗಿ...”

“ಸರ್ ಲಯ್ ಸ್ಟ್ರಿಕ್ಟ್ ಅದಾರ. ಮೊದಲ ಒಬ್ಬಾಕಿ ಹೋತಿ, ರಿಹರ್ಸಲ್‌ನಾಗ ಹಸಲೀ, ನಕ್ಕಳು. ಕಾಢೂನ್ ಟಾಕಲಂ! ತೆಗೆದು ಒಗದ್ರು. ಸಂಭಾಜಿನಗರ ಛಲೋ ಆಯ್ತು ಅಂದ್ರ ಪುಣೆ. ನನ್ನ ತೆಗೆದ್ರ ಇನ್ನೊಬ್ಬ ಹುಡುಗಿ ರೆಡೀನೇ ಅದಾಳ, ನಂದೇ ರೋಲ್ ಪಾಠ ಮಾಡ್ಲಕತ್ತಾಳ. ನನ್ನ ಮ್ಯಾಲೆ ಆಣಿ ಮಾಡು.”

ಮಾಡಿದೆ. ಮಾಡುವಾಗ ಮಹಾದೇವಿ ಪಕ್ಕದಲ್ಲಿ ನಿಂತು, ಆಣೆಯ ಶಬ್ದಗಳು ಒಂದೂ ತಪ್ಪದಂತೆ ನೋಡಿಕೊಂಡಳು.

“ನೀ ಚಿಂತಿ ಮಾಡಬ್ಯಾಡವ್ವಾ,” ಎಂದಳು ಮೊಮ್ಮಗಳಿಗೆ. “ನಾ ಇರ್ತೀನಲ್ಲ. ಇವರ ಕೋಟಿನ ತುದಿ ಹಿಡಕೊಂಡೇ ಕೂಡ್ತೀನಿ. ದೊಡ್ಡವ್ರ ಮುಂದ ಹ್ಯಾಂಗ ಕೂಡಬೇಕು ಅನ್ನೂದು ಇವರಿಗೆ ತಿಳಿಯಂಗಿಲ್ಲ.”

ಉತ್ಸವಕ್ಕೆ ನಾವು ಮೊದಲ ದಿನದಿಂದಲೇ ಹೋದೆವು; ಕೂರುವುದನ್ನು ಅಭ್ಯಾಸ ಮಾಡಲು. ಸಂಗೀತದ ದಿನ ನನಗೊಂದು ಆಶ್ಚರ್ಯ ಕಾದಿತ್ತು. ಹಾಡು ಶುರುವಾಗುವ ಮೊದಲೇ ಆಯೇರಿ! ಸೂಟು ಹಾಕಿದವರು ಸಾಲಾಗಿ ಮೇಲೆ ಬಂದರು. ಒಬ್ಬೊಬ್ಬರಿಗೂ ಶಾಲು, ತೆಂಗಿನಕಾಯಿ, ಹೂವಿನ ಗುಚ್ಛ. ಮೈಕಿನಲ್ಲಿ ಅವರ ಹೆಸರು, ಊರು, ಉದ್ಯೋಗ. ಅವರಲ್ಲಿ ಯಾರೂ ಹಾಡುವವರಲ್ಲ. ಹಾಡುವವರು ಪಾಪ ಪರದೆಯ ಹಿಂದೆ ತಂಬೂರಿ ಹಿಡಿದು ಕಾಯುತ್ತಿದ್ದರು. ನೃತ್ಯದ ದಿನವೂ ಹಾಗೆಯೇ. ಕಾಲಿಗೆ ಗೆಜ್ಜೆ ಕಟ್ಟಿದ ಹುಡುಗಿಯರು ಬದಿಯಲ್ಲಿ ಒಂಟಿಕಾಲಲ್ಲಿ ನಿಂತಿದ್ದರೆ, ಗೆಜ್ಜೆ ಕಟ್ಟದವರು ನಡುವೆ ನಿಂತು ಶಾಲು ಹೊದ್ದು ಫೋಟೋ ತೆಗೆಸಿಕೊಂಡರು. ಶಾಲು ಹೊದ್ದ ಬಹಳ ಜನ ಕುಣಿತ ಶುರುವಾಗುವ ಹೊತ್ತಿಗೆ ಶಾಲಿನ ಸಮೇತ ಎದ್ದು ಹೋದರು.

“ನೋಡು,” ಎಂದೆ ಮಹಾದೇವಿಗೆ. “ನಾವು ಆಡಿದಾವ್ರಿಗೆ ಹೊದಿಸ್ತಿದ್ವಿ. ಇವರು ಆಡದೇ ಇದ್ದಾವ್ರಿಗೆ ಹೊದಿಸ್ತಾರ. ಆದ್ರೂ ಹಳ್ಯಾಗಿನವ ಅಂತ ನನ್ನ ಕೋಟ ಹಿಡಿದಿ.”

“ಸುಮ್ಕ ಕೂಡ್ರಿ. ಅವರಿಗೆ ಪದ್ಧತಿ ಗೊತ್ತದ.”

ನಾಟಕದ ದಿನ ಬಂತು. ಮಹಾದೇವಿ ಬೆಳಗ್ಗೆಯೇ ತ್ರ್ಯಂಬಕೇಶ್ವರಕ್ಕೆ ಹೋಗಿ ಮೊಮ್ಮಗಳ ಹೆಸರಿನಲ್ಲಿ ಪೂಜೆ ಮಾಡಿಸಿ, ಒಂದು ತೆಂಗಿನಕಾಯಿ ತಂದಿದ್ದಳು. ಅದರ ಜೊತೆಗೆ ಒಂದು ಖಣ, ಅಂದರೆ ಕುಪ್ಪಸದ ಬಟ್ಟೆ, ಒಂದಿಷ್ಟು ಅಕ್ಕಿ, ಕುಂಕುಮ. ಸಂಭಾಜಿನಗರದ ಆಟವೂ ಸುಸೂತ್ರ ಮುಗಿದ ಮೇಲೆ ಹುಡುಗಿಗೆ ಉಡಿ ತುಂಬಬೇಕೆಂದು ಅವಳ ಹರಕೆ. ಅಲ್ಲಿಯವರೆಗೆ ಅದನ್ನು ನೆಲಕ್ಕಿಡುವಂತಿಲ್ಲ. ಬಾಗಿಲಲ್ಲಿ ನಿಂತವನು ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲ ಎಂದ. ಇವಳು ತೆಂಗಿನಕಾಯಿಯನ್ನು ಅವನ ಮೂಗಿನ ಹತ್ತಿರ ಹಿಡಿದು, “ತಿಂದು ತೋರಸಪ್ಪಾ ನೋಡೂಣು” ಎಂದಳು. ಬಿಟ್ಟ.

ನಾಟಕದ ಕತೆ ಇಷ್ಟು. ಒಂದು ಹುಡುಗಿ ಕುರ್ಚಿಯ ಮೇಲೆ ಕೂತಿದ್ದಾಳೆ. ಅವಳನ್ನು ನೋಡಲು ಗಂಡಿನ ಕಡೆಯವರ ಮನೆಗೆ ಕರೆಸಿದ್ದಾರೆ. ಅವರೆಲ್ಲ ಅವಳ ಸುತ್ತ ನಡೆದಾಡುತ್ತ ಅವಳ ಬಣ್ಣ, ಎತ್ತರ, ಓದು, ನಡತೆ ಎಲ್ಲವನ್ನೂ ತಮ್ಮ ತಮ್ಮಲ್ಲೇ ಮಾತಾಡುತ್ತಾರೆ. ಅವಳನ್ನು ಒಂದು ಮಾತೂ ಕೇಳುವುದಿಲ್ಲ. ಕಡೆಗೆ ಬೇಡವೆಂದು ಒಬ್ಬೊಬ್ಬರಾಗಿ ಒಳಗೆ ಹೋಗಿಬಿಡುತ್ತಾರೆ. ಹುಡುಗಿ ಒಬ್ಬಳೇ ಬಹಳ ಹೊತ್ತು ಕೂತಿರುತ್ತಾಳೆ. ಆಮೇಲೆ ಎದ್ದು, “ಮೀ ನಿಘತೇ,” ನಾನು ಹೊರಟೆ ಎಂದು, ಬರಿಗೈಯಲ್ಲಿ ಬಾಗಿಲು ತೆರೆದು ಹೋಗುತ್ತಾಳೆ. ಮುಗಿಯಿತು.

ಆ ಬಹಳ ಹೊತ್ತು ಕೂತಿರುವುದಿದೆಯಲ್ಲ, ಅಲ್ಲಿ ನಮ್ಮ ಶ್ರಾವಣಿ ಒಂದು ರೆಪ್ಪೆ ಬಡಿಯಲಿಲ್ಲ ನೋಡಿ! ನನ್ನ ಕೈ ತಾನಾಗಿಯೇ ಚೀಲಕ್ಕೆ ಹೋಯಿತು. ಮಹಾದೇವಿ ಕೋಟು ಜಗ್ಗಿದಳು. ನಾನು ಎರಡೂ ಕೈಗಳ ಮೇಲೆ ಕುಳಿತೆ. ನಾಟಕ ಮುಗಿದು ಜನ ಎದ್ದು ನಿಂತು ಚಪ್ಪಾಳೆ ತಟ್ಟಿದಾಗ ನನಗೆ ತಟ್ಟಲು ಆಗಲೇ ಇಲ್ಲ, ಕೈಗಳೆರಡೂ ಜೋಮು ಹಿಡಿದಿದ್ದವು. ಪಕ್ಕದ ಗೃಹಸ್ಥರು, “ಏನು ಮೌನ!” ಎಂದರು. “ನಮ್ಮದೇ ಮೌನ,” ಎಂದೆ.

ಮನೆಗೆ ಬಂದ ಮೇಲೆ ನಾನು ಹೊಗಳುತ್ತಲೇ ಇದ್ದೆ. ಮಹಾದೇವಿ ಮಾತ್ರ ಊಟಕ್ಕೆ ಬಡಿಸುತ್ತ ಮುಖ ಬಿಗಿದುಕೊಂಡಿದ್ದಳು.

“ಎಂಥಾ ಮಂದಿ ಅವ್ರು,” ಎಂದಳು. “ಒಲ್ಲೆವು ಅನ್ಲಿ, ಅದು ಅವರ ಮರ್ಜಿ. ಆದ್ರ ಮನಿಗಿ ಬಂದ ಹುಡುಗಿಗಿ ಒಂದು ಕುಂಕುಮ ಹಚ್ಚಿ ಕಳಸಬಾರ್ದಾ?”

“ಅದು ನಾಟಕ.”

“ನಾಟಕದಾಗ ಮನಿ ಇರಲ್ಲೇನು? ಬಾಗಲಾ, ಕುರ್ಚಿ, ಚಹಾದ ಕಪ್ಪ ಎಲ್ಲಾ ತಂದಿಟ್ಟಾರ, ಕುಂಕುಮದ ಬಟ್ಟಲಕ್ಕ ಬರ ಬಂದಿತ್ತಾ?”

ನಾನು ನಕ್ಕೆ. ಆ ನಗು ಇಟ್ಟುಕೊಂಡಿದ್ದರೆ ಮುಂದೆ ಬೇಕಾಗುತ್ತಿತ್ತು.

ಸಂಭಾಜಿನಗರಕ್ಕೆ ಬಸ್ಸಿನಲ್ಲಿ ಹೋದೆವು. ತೆಂಗಿನಕಾಯಿ ಮಹಾದೇವಿಯ ತೊಡೆಯ ಮೇಲೆ ಕೂತು ಬಂತು. ಅಲ್ಲಿ ನಮಗೆ ಮೊದಲನೇ ಸಾಲು. ಸ್ಟೇಜಿಗೆ ಹತ್ತುವ ಮೆಟ್ಟಿಲು ನನ್ನ ಮಂಡಿಗೆ ತಗಲುವಷ್ಟು ಹತ್ತಿರ. ಮಹಾದೇವಿ ಅದನ್ನು ನೋಡಿದಳು, ನನ್ನನ್ನು ನೋಡಿದಳು.

“ಆ ಚೀಲ ಇಲ್ಲಿ ಕೊಡ್ರಿ. ನಿಮ್ಮ ಮ್ಯಾಲೆ ನನಗ ಭರೋಸಾ ಇಲ್ಲ.”

ಕೊಟ್ಟೆ. ಅವಳು ಟವೆಲ್ಲನ್ನು ತೆಗೆದು ನೋಡಿ, ಅದರ ಪಕ್ಕದಲ್ಲೇ ತನ್ನ ಖಣ, ಕಾಯಿ ಇಟ್ಟು, ಚೀಲದ ಬಾಯಿ ಬಿಗಿದು ಮಡಿಲಲ್ಲಿ ಇಟ್ಟುಕೊಂಡಳು. ಇನ್ನೊಂದು ಕೈ ನನ್ನ ಕೋಟಿನ ತುದಿಯಲ್ಲಿ. ಕಳ್ಳನನ್ನೂ ಮಾಲನ್ನೂ ಒಬ್ಬರೇ ಕಾಯುವ ಹಾಗೆ.

ನಾಟಕ ನಾಸಿಕಕ್ಕಿಂತ ಚೆನ್ನಾಗಿ ನಡೆಯಿತು. ಗಂಡಿನ ಕಡೆಯವರು ಇನ್ನೂ ಕೆಟ್ಟವರಾಗಿದ್ದರು. ಒಬ್ಬೊಬ್ಬರಾಗಿ ಒಳಗೆ ಹೋದರು. ಶ್ರಾವಣಿ ಒಬ್ಬಳೇ ಉಳಿದಳು. ಸಭೆಯಲ್ಲಿ ಒಂದು ಕೆಮ್ಮಿಲ್ಲ. ನಾನು ಹಲ್ಲು ಕಚ್ಚಿ ನನ್ನ ಆಣೆಯನ್ನೇ ಜಪಿಸುತ್ತಿದ್ದೆ. ಆಗ ಕೋಟು ಸಡಿಲವಾಯಿತು.

ಮಹಾದೇವಿ ಎದ್ದಿದ್ದಳು. ಬಾತ್‌ರೂಮಿಗೆ ಇರಬೇಕೆಂದು ನಾನು ಕಾಲು ಮಡಚಿ ದಾರಿ ಬಿಟ್ಟೆ. ಚೀಲ ಕುರ್ಚಿಯ ಮೇಲಿತ್ತು, ಬಾಯಿ ತೆರೆದಿತ್ತು. ನಾನು ತಲೆ ಎತ್ತುವಷ್ಟರಲ್ಲಿ ಅವಳು ತಲೆಯ ಮೇಲೆ ಸೆರಗು ಹೊದ್ದು ಮೆಟ್ಟಿಲು ಹತ್ತಿಯಾಗಿತ್ತು. ದೊಡ್ಡವರ ಮುಂದೆ ಹೇಗೆ ಕೂರಬೇಕೆಂದು ಬಲ್ಲ ನನ್ನ ಹೆಂಡತಿ ಆ ದೊಡ್ಡ ಬೆಳಕಿನ ನಡುವೆ ನಮ್ಮ ಅಡುಗೆಮನೆಯಲ್ಲಿ ನಡೆದಷ್ಟೇ ಸಲೀಸಾಗಿ ನಡೆದಳು. ಮೊಮ್ಮಗಳ ಹಣೆಗೆ ಕುಂಕುಮ ಹಚ್ಚಿದಳು. ಖಣ, ಕಾಯಿ, ಅಕ್ಕಿ ಹಿಡಿದು ನಿಂತಳು.

ಪುಣೆ ಹೋಯಿತು ಎಂದುಕೊಂಡೆ. ಹುಡುಗಿ ಅಲುಗಿದರೂ ಹೋಯಿತು, ಅಲುಗದಿದ್ದರೂ ಹೋಯಿತು. ಅಲುಗದಿದ್ದರೆ ಇವಳು ಕೆಳಗಿಳಿಯುವವಳಲ್ಲ.

ಶ್ರಾವಣಿಯ ಮುಖ ಕಲ್ಲಿನ ಹಾಗೆ ಇತ್ತು. ಕಣ್ಣು ಎದುರಿಗೇ ಇತ್ತು. ಆದರೆ ಕೈಗಳು ಮಾತ್ರ ತಮ್ಮಷ್ಟಕ್ಕೆ ತಾವೇ ಓಢಣಿಯ ತುದಿ ಹಿಡಿದು ಮುಂದೆ ಚಾಚಿದವು. ಎಷ್ಟು ಹಬ್ಬಗಳಲ್ಲಿ ಹಾಗೆ ಚಾಚಿದ ಕೈಗಳು! ಅವಕ್ಕೆ ರಿಹರ್ಸಲ್ ಬೇಕಿರಲಿಲ್ಲ. ಉಡಿ ತುಂಬಿತು. ಮಹಾದೇವಿ ಮೊಮ್ಮಗಳ ಕೆನ್ನೆಗೆ ಕೈ ತಾಗಿಸಿ ನೆಟಿಕೆ ಮುರಿದಳು. ಆ ನಿಶ್ಶಬ್ದದಲ್ಲಿ ಅದು ಪಟಾಕಿಯ ಹಾಗೆ ಕೇಳಿಸಿತು. ಹಿಂದಿನ ಸಾಲಿನಿಂದ ಯಾರೋ ಒಬ್ಬ ಮುದುಕಿ ಜೋರಾಗಿ, “ಬರೋಬರ್ ಕೇಲಂ, ಬಾಯೀ!” ಎಂದಳು. ಸರಿಯಾಗಿ ಮಾಡಿದೆ ತಾಯಿ, ಅಂತ.

ಮಹಾದೇವಿ ಇಳಿದು ಬಂದು ನನ್ನ ಪಕ್ಕ ಕುಳಿತು ಮತ್ತೆ ನನ್ನ ಕೋಟು ಹಿಡಿದಳು!

ಶ್ರಾವಣಿ ಎದ್ದಳು. “ಮೀ ನಿಘತೇ” ಎಂದಳು. ಈಗ ಬಾಗಿಲು ತೆರೆಯಬೇಕು, ಎರಡೂ ಕೈಯಲ್ಲಿ ಉಡಿ. ಬರಿಗೈಯಲ್ಲಿ ಹೋಗಬೇಕಾದವಳು ತುಂಬು ಉಡಿಯನ್ನು ಎದೆಗವಚಿಕೊಂಡು, ಬಾಗಿಲನ್ನು ಭುಜದಿಂದ ನೂಕಿ, ಅಕ್ಕಿ ಚೆಲ್ಲದಂತೆ ಅಡ್ಡಡ್ಡ ತಿರುಗಿ ಹೊರಗೆ ಹೋದಳು. ಪರದೆ ಬಿತ್ತು. ಚಪ್ಪಾಳೆ ಬಂತೋ ಇಲ್ಲವೋ ನನಗೆ ಗೊತ್ತಿಲ್ಲ, ಕಿವಿ ಗುಂಯ್ ಎನ್ನುತ್ತಿತ್ತು.

ಬಣ್ಣದ ಕೋಣೆಗೆ ಹೋದಾಗ ನಾಟಕ ಕಲಿಸಿದ ಸರ್ ನಮಗಾಗಿಯೇ ನಿಂತಿದ್ದರು. ಎಳೆಯ ಹುಡುಗ, ಗಡ್ಡ ಬಿಟ್ಟಿದ್ದಾರೆ, ಬೆವರು ಹನಿಯುತ್ತಿತ್ತು. ಸಿಟ್ಟು ನುಂಗಿಕೊಂಡು ಮರಾಠಿಯಲ್ಲಿ ಹೇಳಿದರು: “ಅಜ್ಜಿ, ಅವಳಿಗೆ ಯಾರೂ ಏನೂ ಕೊಡುವುದಿಲ್ಲ. ಅದೇ ನಾಟಕ. ಒಂದು ವರ್ಷ ಅದಕ್ಕಾಗಿ ಕಷ್ಟಪಟ್ಟಿದ್ದೇವೆ.”

ಅರ್ಥವಾಗಿಯೂ ಮಹಾದೇವಿ ಕನ್ನಡದಲ್ಲೇ ಉತ್ತರ ಕೊಟ್ಟಳು: “ಅವ್ರು ಕೊಡಲಿಲ್ಲ, ಖರೇನೇ. ಅವರನ್ನ ನಾ ಏನಾರ ಅಂದೆನೇನು? ನಾ ಕೊಟ್ಟೆ. ನಾ ನಿಮ್ಮ ನಾಟಕದಾಗಿನಾಕಿ ಅಲ್ಲಲ್ಲ.”

ಶ್ರಾವಣಿ ಇದನ್ನು ಮರಾಠಿಗೆ ಹೊರಳಿಸಿದಳು, ಬಹಳ ಚಿಕ್ಕದಾಗಿ, ಸೋತ ದನಿಯಲ್ಲಿ. ಉಡಿ ಇನ್ನೂ ಅವಳ ಕೈಯಲ್ಲೇ ಇತ್ತು. ಸರ್ ಅವಳ ಕಡೆ ತಿರುಗಿದರು. “ಶ್ರಾವಣೀ, ಪುಣೆಯ ವಿಷಯ...” ಎಂದು ಶುರು ಮಾಡಿದರು.

ನನಗೆ ಆ ಕ್ಷಣ ನಮ್ಮೂರಿನ ಒಂದು ಸಂಗತಿ ನೆನಪಾಯಿತು. ಎಲ್ಲ ಪಾತ್ರಗಳಿಗೂ ಆಯೇರಿ ಆದ ಮೇಲೆ ಕಡೆಯ ಟವೆಲ್ ಮಾಸ್ತರರಿಗೆ. ಕಲಿಸಿದವರಿಗೆ ಹೊದಿಸದೆ ಯಾರೂ ಮನೆಗೆ ಹೋಗುತ್ತಿರಲಿಲ್ಲ. ನಾನು ಆಣೆ ಮಾಡಿದ್ದು ಸ್ಟೇಜಿನ ಮೇಲೆ ಹೋಗುವುದಿಲ್ಲ ಎಂದು, ಇದು ಸ್ಟೇಜಲ್ಲ. ಚೀಲಕ್ಕೆ ಕೈ ಹಾಕಿದೆ. ಮಡಿಕೆ ಒಂದು ಸಲ ಕೊಡವಿ ಬಿಚ್ಚಿದೆ. ಗಡ್ಡದ ಸರ್ ಮಾತಿನ ನಡುವೆ ಬಾಯಿ ತೆರೆದಿರುವಾಗಲೇ, ಟವೆಲ್ಲನ್ನು ಅವರ ಹೆಗಲ ಮೇಲೆ ಎರಡೂ ಕಡೆ ಕೆಂಪು ಪಟ್ಟಿ ಸಮ ಬರುವಂತೆ ಹೊದಿಸಿ ಕೈ ಮುಗಿದೆ.

ಅವರು ತಮ್ಮ ಹೆಗಲನ್ನೇ ನೋಡಿಕೊಂಡರು. ಕೋಣೆಯಲ್ಲಿ ಯಾರಿಗೂ ಮುಂದೇನು ಎಂದು ತಿಳಿಯಲಿಲ್ಲ. ನನಗೂ ತಿಳಿಯಲಿಲ್ಲ. ಪೇಟಿ ಮಾಸ್ತರು ಇಲ್ಲದ ಆಯೇರಿ ಅರ್ಧವೇ.

ಆಗ ಹಿಂದಿನಿಂದ ಒಂದು ದನಿ ಬಂತು. ಸ್ಟೇಜಿನ ಮೇಲೆ ಇಡೀ ಸಂಜೆ ಎರಡೇ ಶಬ್ದ ಆಡಿದ ದನಿ:

“ಭಾಲ್ಕಿ ಊರ ಹಿರಿಯರಾದ ಶರಣಪ್ಪ ಮುತ್ಯಾ ಅವರ ಕಡಿಂದ, ನಮ್ಮ ಮಾಸ್ತರ ಕಲಿಸಿದ್ದು ಮೆಚ್ಚಿ, ಒಂದು ಟವೆಲ್ ಆಯೇರಿ ಬಂದದ! ಅವರಿಗೆ ಕಂಪನಿಯ ಶರಣು!”

ಎಲ್ಲೂ ಇಳಿಯಲಿಲ್ಲ. ಮರಾಠಿಯ ಬಸ್ಸಿಲ್ಲ, ಇಂಗ್ಲಿಷಿನ ರಿಕ್ಷಾ ಇಲ್ಲ. ಮಂಚದ ಮೇಲಿನ ಅದೇ ಕೂಗು, ಅಕ್ಕಿ ತುಂಬಿದ ಉಡಿ ಹಿಡಿದುಕೊಂಡು. ಗಂಡಿನ ಕಡೆಯವರಾಗಿದ್ದ ಹುಡುಗರು ಏನೂ ಅರ್ಥವಾಗದೆ ಚಪ್ಪಾಳೆ ಹೊಡೆದುಬಿಟ್ಟರು.

ಹೆಗಲ ಮೇಲೆ ಟವೆಲ್ ಬಿದ್ದ ಮನುಷ್ಯ ಇನ್ನೊಬ್ಬರನ್ನು ಬೈಯುವುದು ಕಷ್ಟ. ನಮ್ಮೂರಿನಲ್ಲಿ ಇದು ಎಲ್ಲರಿಗೂ ಗೊತ್ತಿತ್ತು. ಸರ್ ಟವೆಲ್ಲಿನ ತುದಿಯಿಂದ ಗಡ್ಡದ ಬೆವರು ಒರೆಸಿಕೊಂಡರು. ಒರೆಸಿಕೊಂಡ ಮೇಲೆ ಯಾರೂ ತಿರುಗಿ ಕೊಡುವುದಿಲ್ಲ.

“ಪುಣೆಯಲ್ಲಿ,” ಎಂದರು, “ಅಜ್ಜ ಅಜ್ಜಿ ಇಬ್ಬರಿಗೂ ಬಾಲ್ಕನಿ. ಅದೂ ಕಡೆಯ ಸಾಲು.”

ಪುಣೆಯಲ್ಲಿ! ನಾನು ಅಲ್ಲೇ ಕೈ ಮುಗಿದೆ. ಬಸ್‌ಸ್ಟ್ಯಾಂಡಿಗೆ ಬರುವ ರಿಕ್ಷಾದಲ್ಲಿ ಮಹಾದೇವಿ ಮಾತ್ರ ಗೊಣಗುತ್ತಲೇ ಇದ್ದಳು, ಅಷ್ಟು ಮಂದಿಯ ಮುಂದೆ ಟವೆಲ್ ತೆಗೆದು ಮರ್ಯಾದೆ ಕಳೆದೆನೆಂದು.

ಈಗ ಚೀಲದಲ್ಲಿ ಹೊಸದೊಂದು ಟವೆಲ್ ಸೇರಿದೆ. ಅದರ ಪಕ್ಕದಲ್ಲಿ ನಿನ್ನೆ ಒಂದು ಖಣ ಬಂದು ಕುಳಿತಿದೆ, ನಾನಿಟ್ಟದ್ದಲ್ಲ. ಬಾಲ್ಕನಿಯಿಂದ ಕೆಳಗಿಳಿಯುವ ಮೆಟ್ಟಿಲು ಯಾವ ಕಡೆಗಿವೆ ಎಂದು ಮೊಮ್ಮಗಳಿಗೆ ಫೋನು ಮಾಡಿ ಕೇಳಿದವನೂ ನಾನಲ್ಲ.